ಶರತ್ಕಾಲದ ಮೃತಸ್ಮರಣೆ: ಐರೋಪ್ಯ ಪೇಗನ್ ಪರಂಪರೆಗಳು ಮತ್ತು ಆಕರಗಳ ಸಮಸ್ಯೆ

ಅಕ್ಟೋಬರ್ 31ರ ರಾತ್ರಿಯ ಹ್ಯಾಲೋವೀನ್ ಮೂಲತಃ ಕೆಲ್ಟಿಕ್ ಜನರ ಮೃತರ ಹಬ್ಬವೆಂದೂ, ಅದನ್ನು ಅಳಿಸಲಾರದ ಕ್ರೈಸ್ತ ಧರ್ಮಪೀಠವು ತನ್ನ ಪಂಚಾಂಗದೊಳಕ್ಕೆ ಸೇರಿಸಿಕೊಂಡಿತೆಂದೂ ಹೇಳುವುದು ಇಂದು ರೂಢಿಯಾಗಿದೆ. ಈ ಹೇಳಿಕೆ ಎಷ್ಟು ಸಲ ಪುನರುಕ್ತವಾಗಿದೆಯೆಂದರೆ, ಇದಕ್ಕೆ ಆಧಾರವಾದ ಮೂಲಪಠ್ಯ ಯಾವುದು, ಅದನ್ನು ಬರೆದವರು ಯಾರು, ಯಾವ ಕಾಲದಲ್ಲಿ ಎಂದು ಕೇಳುವವರೇ ವಿರಳ. ಆ ಪ್ರಶ್ನೆಯನ್ನು ಕೇಳಿ, ದೊರೆಯುವ ಉತ್ತರವನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ. ಉತ್ತರ ಯುರೋಪಿನ ಧಾರ್ಮಿಕ ಇತಿಹಾಸಕ್ಕೆ ಸಂಬಂಧಿಸಿದ ವಿಷಯವಾದರೂ, ಅಲ್ಲಿ ಎದುರಾಗುವ ವಿಧಾನದ ತೊಡಕು ಜೈನ ಕಾವ್ಯಗಳನ್ನು ಓದುವವರಿಗೆ ಅಪರಿಚಿತವಾದುದಲ್ಲ. ಒಂದು ಆಚರಣೆಯನ್ನು ಒಪ್ಪದವನೇ ಅದರ ಏಕೈಕ ಸಾಕ್ಷಿಯಾಗಿ ಉಳಿದಾಗ ಆ ಸಾಕ್ಷ್ಯವನ್ನು ಓದುವ ಬಗೆ ಹೇಗೆ ಎಂಬುದು ಎರಡೂ ಕಡೆ ಏಳುವ ಪ್ರಶ್ನೆ.

ಮೊದಲು ‘ಪೇಗನ್’ ಎಂಬ ಪದ. ಲ್ಯಾಟಿನ್ನಿನ ‘ಪಾಗಾನುಸ್’ ಎಂದರೆ ‘ಪಾಗುಸ್’ನಲ್ಲಿ, ಅಂದರೆ ಗ್ರಾಮಪ್ರದೇಶದಲ್ಲಿ ವಾಸಿಸುವವನು. ಕ್ರೈಸ್ತ ಲೇಖಕರ ಕೈಯಲ್ಲಿ ಇದು ಕ್ರಿಸ್ತನನ್ನು ನಂಬದ ಎಲ್ಲರಿಗೂ ಒಟ್ಟಾಗಿ ಅಂಟಿಸಿದ ಹೆಸರಾಯಿತು. ಪ್ರಾಚೀನ ಐರಿಷ್ ಪಶುಪಾಲಕನಾಗಲಿ ಸ್ವೀಡನ್ನಿನ ಒಕ್ಕಲಿಗನಾಗಲಿ ತನ್ನನ್ನು ಪೇಗನ್ ಎಂದು ಕರೆದುಕೊಂಡವನಲ್ಲ. ನಮ್ಮ ಶಾಸ್ತ್ರಗ್ರಂಥಗಳ ‘ಮಿಥ್ಯಾದೃಷ್ಟಿ’ ಎಂಬ ಶಬ್ದದಂತೆ ಇದೂ ಹೊರಗಿನವರು ಕೊಟ್ಟ ಹೆಸರು. ಹೆಸರಿನಲ್ಲಿಯೇ ಒಂದು ತೀರ್ಪು ಅಡಗಿದೆಯೆಂಬುದನ್ನು ಮರೆಯದೆ ಈ ಪದವನ್ನು ಇಲ್ಲಿ ಬಳಸಲಾಗಿದೆ.

ಋತು ಮತ್ತು ಮೃತರು

ಕ್ರೈಸ್ತಪೂರ್ವ ಯುರೋಪಿನಲ್ಲೆಲ್ಲ ಮೃತರನ್ನು ಶರತ್ಕಾಲದಲ್ಲಿಯೇ ನೆನೆಯುತ್ತಿದ್ದರೆಂಬ ಭಾವನೆಯನ್ನು ಮೊದಲು ಬದಿಗಿಡಬೇಕು. ಅತ್ಯಂತ ಸಮೃದ್ಧವಾದ ಲಿಖಿತ ದಾಖಲೆಯುಳ್ಳ ರೋಮಿನಲ್ಲಿ ಪಿತೃಗಳ ಆಚರಣೆಯಾದ ‘ಪರೆಂತಾಲಿಯ’ ಫೆಬ್ರವರಿ 13ರಿಂದ 21ರವರೆಗೆ ನಡೆಯುತ್ತಿತ್ತು. ಮನೆಗೆ ಬಂದು ಕಾಡುವ ಪ್ರೇತಗಳನ್ನು ಕಳುಹಿಸಿಕೊಡುವ ‘ಲೆಮುರಿಯ’ ಮೇ ತಿಂಗಳ 9, 11 ಮತ್ತು 13ರಂದು ಬರುತ್ತಿತ್ತು. ಮನೆಯ ಯಜಮಾನನು ನಡುರಾತ್ರಿಯಲ್ಲಿ ಬರಿಗಾಲಿನಲ್ಲಿ ನಡೆದು, ಹಿಂದಿರುಗಿ ನೋಡದೆ ಕಪ್ಪು ಅವರೆಯ ಕಾಳುಗಳನ್ನು ಎಸೆಯುತ್ತಿದ್ದ ವಿಧಿಯನ್ನು ಕವಿ ಓವಿಡನು ತನ್ನ ‘ಫಾಸ್ತಿ’ಯಲ್ಲಿ ವಿವರಿಸಿದ್ದಾನೆ. ಅಥೆನ್ಸಿನಲ್ಲಿ ಮಾತ್ರ ‘ಗೆನೆಸಿಯ’ ಎಂಬ ಪಿತೃಸ್ಮರಣೆ ಬೊಎದ್ರೊಮಿಯೊನ್ ಮಾಸದ ಐದನೆಯ ದಿನ, ಅಂದರೆ ಸುಮಾರಾಗಿ ಸೆಪ್ಟೆಂಬರಿನಲ್ಲಿ ಬರುತ್ತಿತ್ತು. ನಮ್ಮ ಭಾದ್ರಪದ ಕೃಷ್ಣಪಕ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿನದು. ಆದರೆ ಈ ಹೊಂದಿಕೆಯೊಂದರಿಂದಲೇ ಇಂಡೋ-ಯುರೋಪಿಯನ್ ಮೂಲದ ಪಿತೃಪಕ್ಷವೊಂದನ್ನು ಕಲ್ಪಿಸುವುದು ಸಾಹಸವಾದೀತು. ಅದೇ ಅಥೆನ್ಸಿನಲ್ಲಿ ವಸಂತದ ಹೊಸ್ತಿಲಿನ ‘ಅಂಥೆಸ್ತೇರಿಯ’ಕ್ಕೂ ಮೃತರ ಸಂಬಂಧವಿತ್ತು.

ಉತ್ತರದ ನಾಡುಗಳಲ್ಲಿ ಶರತ್ಕಾಲಕ್ಕೆ ಮಹತ್ವ ಬಂದದ್ದಕ್ಕೆ ಕಣ್ಣಿಗೆ ಕಾಣುವ ಕಾರಣಗಳಿವೆ. ಬೇಸಗೆಯ ಹುಲ್ಲುಗಾವಲಿನಿಂದ ದನಕರುಗಳು ಕೊಟ್ಟಿಗೆಗೆ ಮರಳುವ ಕಾಲವದು. ಚಳಿಗಾಲವಿಡೀ ಮೇವು ಒದಗಿಸಲಾಗದಷ್ಟು ಪಶುಗಳನ್ನು ಆಗ ಕೊಂದು ಮಾಂಸವನ್ನು ಉಪ್ಪು ಹಾಕಿ ಇಡುತ್ತಿದ್ದರು. ಆಹಾರ ಹೇರಳವಾಗಿದ್ದು ರಾತ್ರಿಗಳು ದೀರ್ಘವಾಗುವ, ಜನರೆಲ್ಲ ಮನೆಯೊಳಗೆ ಸೇರುವ ಹೊತ್ತು. ಇಂಗ್ಲೆಂಡಿನ ಸಂನ್ಯಾಸಿ ವಿದ್ವಾಂಸ ಬೀಡನು 725ರಲ್ಲಿ ರಚಿಸಿದ ಕಾಲಗಣನೆಯ ಗ್ರಂಥದಲ್ಲಿ, ತನ್ನ ಪೂರ್ವಿಕರು ನವೆಂಬರನ್ನು ‘ಬ್ಲೋಡ್‌ಮೋನಥ್’, ಅಂದರೆ ಬಲಿಯ ತಿಂಗಳು ಎಂದು ಕರೆಯುತ್ತಿದ್ದರೆಂದೂ, ಕೊಲ್ಲಲಿರುವ ಪಶುಗಳನ್ನು ಆಗ ದೇವತೆಗಳಿಗೆ ಅರ್ಪಿಸುತ್ತಿದ್ದರೆಂದೂ ತಿಳಿಸಿದ್ದಾನೆ. ಆ ತಿಂಗಳ ವಿವರಣೆಯಲ್ಲಿ ಅವನು ಮೃತರ ಮಾತನ್ನೆತ್ತುವುದಿಲ್ಲ. ಶರತ್ಕಾಲ, ಪಶುವಧೆ, ಮೃತಸ್ಮರಣೆ ಎಂಬ ಮೂರು ಒಂದೇ ಕಟ್ಟಿಗೆ ಸೇರಿದವೆಂದು ಮೊದಲೇ ಊಹಿಸಿಕೊಳ್ಳಬಾರದು; ಪ್ರತಿಯೊಂದು ನಾಡಿನ ಸಾಕ್ಷ್ಯವನ್ನೂ ಬೇರೆಬೇರೆಯಾಗಿ ನೋಡಬೇಕು.

ಐರ್ಲೆಂಡ್: ತೆರೆದ ಗುಡ್ಡಗಳು

ಹ್ಯಾಲೋವೀನಿನ ಮೂಲವೆಂದು ಹೇಳಲಾಗುವ ಐರಿಷ್ ಹಬ್ಬದ ಹೆಸರು ಇಂದಿನ ಉಚ್ಚಾರಣೆಯಲ್ಲಿ ‘ಸೌಇನ್’, ‘ಸಾವಿನ್’ ಎಂಬ ಎರಡರ ನಡುವೆ ಕೇಳಿಸುತ್ತದೆ. ಕನ್ನಡದ ಕಿವಿಗೆ ಅದರಲ್ಲಿ ‘ಸಾವು’ ಕೇಳಿಸುವುದು ಕೇವಲ ಆಕಸ್ಮಿಕ. ಧ್ವನಿಸಾಮ್ಯವನ್ನು ನಂಬಿ ನಿರುಕ್ತಿ ಹೇಳುವ ಚಪಲ ಪ್ರಾಚೀನ ಐರಿಷ್ ಲೇಖಕರಲ್ಲಿಯೂ ಇತ್ತು. ‘ತೊಖ್ಮಾರ್ಕ್ ಎಮಿರೆ’ ಎಂಬ ಕಥೆಯಲ್ಲಿ ಈ ಹೆಸರನ್ನು ‘ಬೇಸಗೆಯ ಕೊನೆ’ ಎಂದು ಬಿಡಿಸಲಾಗಿದೆ. ನವೆಂಬರ್ 1ರಂದು ಬರುವ ಈ ಹಬ್ಬ ಹಿಂದಿನ ದಿನದ ಸೂರ್ಯಾಸ್ತದಿಂದಲೇ ಆರಂಭವಾಗುತ್ತಿತ್ತು. ಗಾಲ್ ಜನರು ಕಾಲವನ್ನು ಹಗಲುಗಳಿಂದಲ್ಲದೆ ರಾತ್ರಿಗಳಿಂದ ಎಣಿಸುತ್ತಾರೆ, ತಾವು ಪಾತಾಳದ ದೇವತೆಯಾದ ದೀಸನ ಸಂತತಿಯವರೆಂದು ಹೇಳಿಕೊಳ್ಳುತ್ತಾರೆ ಎಂದು ಜೂಲಿಯಸ್ ಸೀಸರನು ಬರೆದಿದ್ದಾನೆ.

ಕೆಲ್ಟಿಕ್ ಭಾಷಿಕರು ಕ್ರೈಸ್ತರಾಗುವ ಮುನ್ನ ತಾವೇ ಸಿದ್ಧಪಡಿಸಿದ, ಈ ವಿಚಾರಕ್ಕೆ ಸಂಬಂಧಿಸಬಹುದಾದ ಪ್ರಮುಖ ಲೇಖವೆಂದರೆ 1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಎಂಬಲ್ಲಿ ದೊರೆತ ಕಂಚಿನ ಪಂಚಾಂಗ. ಸಾಮಾನ್ಯವಾಗಿ ಕ್ರಿ.ಶ. 2ನೆಯ ಶತಮಾನದ್ದೆಂದು ಪರಿಗಣಿಸಲಾಗುವ ಇದರಲ್ಲಿ ‘ಸಮೋನಿಯೊಸ್’ ಎಂಬ ಮಾಸವೂ ಅದರ ‘ಮೂರು ರಾತ್ರಿ’ಗಳ ಉಲ್ಲೇಖವೂ ಇವೆ. ಆದರೆ ಆ ಮಾಸ ಬೇಸಗೆಯದೋ ಶರತ್ಕಾಲದ್ದೋ ಎಂಬುದೇ ವಿವಾದದಲ್ಲಿದೆ. ಆ ರಾತ್ರಿಗಳಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಕಂಚಿನ ಫಲಕ ಹೇಳುವುದಿಲ್ಲ.

ಹೇಳುವುದು ಐರಿಷ್ ಕಥಾಸಾಹಿತ್ಯ. ‘ಸೆರ್ಗ್‌ಲಿಗೆ ಕೊನ್ ಕುಲಿನ್’ ಎಂಬ ಕಥೆ ಅಲ್‌ಸ್ಟರಿನ ಜನರ ಮಹಾಸಭೆಯೊಂದಿಗೆ ತೆರೆದುಕೊಳ್ಳುತ್ತದೆ. ಹಬ್ಬಕ್ಕೆ ಮುಂಚಿನ ಮೂರು ದಿನ, ಹಬ್ಬದ ದಿನ, ಅನಂತರದ ಮೂರು ದಿನ, ಹೀಗೆ ಏಳು ದಿನ ಆಟ, ಔತಣ, ವೀರರ ಪರಾಕ್ರಮದ ಬಡಾಯಿ ನಡೆಯುತ್ತವೆ. ಇದರಲ್ಲಿ ಪಿತೃಗಳಿಗೆ ಎಡೆಯಿಡುವ ಪ್ರಸಂಗವಿಲ್ಲ. ‘ಎಖ್ತ್ರ ನೆರಾಯ್’ ಎಂಬ ಕಥೆಯಲ್ಲಿ ಮೃತನೊಬ್ಬನು ನಿಜಕ್ಕೂ ಬರುತ್ತಾನೆ. ಆ ರಾತ್ರಿ ಕ್ರುಅಖನ್ ಕೋಟೆಯಲ್ಲಿ ರಾಜ ಐಲಿಲ್ ಮತ್ತು ರಾಣಿ ಮೆದ್ಬ್ ಒಂದು ಪಣವೊಡ್ಡುತ್ತಾರೆ: ಹಿಂದಿನ ದಿನ ಗಲ್ಲಿಗೇರಿಸಿದ ಸೆರೆಯಾಳಿನ ಕಾಲಿಗೆ ಕತ್ತಲಿನಲ್ಲಿ ಹೋಗಿ ಬಳ್ಳಿಯ ಬಳೆ ಸುತ್ತಿ ಬರುವ ಧೈರ್ಯ ಯಾರಿಗಿದೆ? ನೆರಾ ಹೋಗುತ್ತಾನೆ. ಹೆಣವು ಬಾಯಾರಿಕೆಯೆಂದು ಮಾತನಾಡುತ್ತದೆ. ಅದನ್ನು ಬೆನ್ನ ಮೇಲೆ ಹೊತ್ತು ಅವನು ಮನೆಮನೆಗೆ ಹೋಗುತ್ತಾನೆ. ಮೊದಲ ಮನೆಯನ್ನು ಬೆಂಕಿ ಸುತ್ತುವರಿದಿದೆ, ಎರಡನೆಯದನ್ನು ನೀರು. ಮೂರನೆಯ ಮನೆಯಲ್ಲಿ ತೊಳೆದ ನೀರನ್ನು ಹೊರಚೆಲ್ಲದೆ ಬಿಟ್ಟಿದ್ದಾರೆ. ಅಲ್ಲಿ ಕುಡಿದ ಹೆಣವು ಕೊನೆಯ ಗುಟುಕನ್ನು ಮನೆಯವರ ಮುಖಕ್ಕೆ ಉಗಿಯಲು ಅವರು ಸಾಯುತ್ತಾರೆ. ಅನಂತರ ನೆರಾ ಕ್ರುಅಖನ್ನಿನ ಗವಿಯ ಮೂಲಕ ‘ಶೀದ್’ ಎಂಬ ಗುಡ್ಡದೊಳಗಣ ಲೋಕವನ್ನು ಹೊಕ್ಕು, ತಾನು ಅಲ್ಲಿಗೆ ಹೋಗಿದ್ದುದಕ್ಕೆ ಗುರುತಾಗಿ ಬೇಸಗೆಯ ಸಸ್ಯಗಳನ್ನು ಚಳಿಗಾಲದ ಲೋಕಕ್ಕೆ ತರುತ್ತಾನೆ.

ಭಯವೂ ಅದ್ಭುತವೂ ಬೆರೆತ ಈ ಕಥೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಆ ರಾತ್ರಿ ಮಾನವಲೋಕಕ್ಕೂ ಶೀದ್‌ನ ಲೋಕಕ್ಕೂ ನಡುವಣ ಬಾಗಿಲು ತೆರೆಯುತ್ತದೆ. ಹೊರಗೆ ಅಲೆಯುವ ಹೆಣಕ್ಕೆ ಮನೆಯೊಳಗೆ ದಾರಿಯಾಗದಂತೆ ಬೆಂಕಿ, ನೀರುಗಳ ವ್ಯವಸ್ಥೆ ಕ್ರಮವಾಗಿರಬೇಕು. ಆದರೆ ಶೀದ್‌ನವರು ಮನೆತನದ ಹಿರಿಯರಲ್ಲ. ಗಲ್ಲಿಗೇರಿದ ಸೆರೆಯಾಳು ಯಾರ ಪಿತೃವೂ ಅಲ್ಲ. ಇಲ್ಲಿ ಎಚ್ಚರಿಕೆ, ರಕ್ಷಣೆಗಳಿವೆ. ಮೃತಗೌರವ ಎನ್ನಬಹುದಾದ ವಿಧಿ ಕಾಣುವುದಿಲ್ಲ.

ಇಂತಹ ಕಥೆಗಳನ್ನು ಉಳಿಸಿಕೊಟ್ಟವರು ಯಾರೆಂಬುದನ್ನೂ ನೆನೆಯಬೇಕು. ‘ಸೆರ್ಗ್‌ಲಿಗೆ’ಯನ್ನುಳ್ಳ ‘ಲೆವೊರ್ ನ ಹಿದ್ರೆ’ ಹಸ್ತಪ್ರತಿಯ ಮುಖ್ಯ ಲಿಪಿಕಾರನೊಬ್ಬ ಕ್ಲೊನ್‌ಮ್ಯಾಕ್‌ನಾಯ್ಸ್ ಮಠದಲ್ಲಿ 1106ರಲ್ಲಿ ಹತನಾದನು. ಐರ್ಲೆಂಡಿಗೆ ಕ್ರೈಸ್ತ ಬಿಷಪ್ ಪಲ್ಲಾದಿಯುಸನನ್ನು ಕಳುಹಿಸಿದ್ದು 431ರಲ್ಲಿ. ಎಂದರೆ ಈ ಹಸ್ತಪ್ರತಿ ಸಿದ್ಧವಾಗುವ ವೇಳೆಗೆ ಆ ನಾಡಿನಲ್ಲಿ ಕ್ರೈಸ್ತಧರ್ಮಕ್ಕೆ ಆರು ನೂರು ವರ್ಷಕ್ಕೂ ಮೀರಿದ ವಯಸ್ಸಾಗಿತ್ತು. ಸ್ಥಳನಾಮಗಳ ಐತಿಹ್ಯವಾದ ‘ದಿಂದ್‌ಹೆನಖಸ್’ ಸಾಹಿತ್ಯವಂತೂ, ಇದೇ ಹಬ್ಬದಂದು ಮಾಗ್ ಸ್ಲೇಖ್ತ್ ಎಂಬ ಬಯಲಿನಲ್ಲಿ ಕ್ರೋಮ್ ಕ್ರುಅಖ್ ಎಂಬ ವಿಗ್ರಹಕ್ಕೆ ಹಾಲು, ಧಾನ್ಯಗಳ ಸಮೃದ್ಧಿಗಾಗಿ ಶಿಶುಗಳನ್ನು ಬಲಿಗೊಡುತ್ತಿದ್ದರೆಂದು ಹೇಳಿ, ಸಂತ ಪ್ಯಾಟ್ರಿಕ್‌ನ ಆಗಮನದಿಂದ ಆ ಅಂಧಕಾರ ಅಳಿಯಿತೆನ್ನುತ್ತದೆ. ಇದು ಪೂರ್ವಮತದ ನೆನಪೋ, ಬೈಬಲಿನಲ್ಲಿ ಬರುವ ಮೋಲೆಖನ ಶಿಶುಬಲಿಯ ಛಾಯೆಯೋ ಎಂಬ ಸಂಶಯ ಸಹಜವಾದುದು.

ಧರ್ಮಪೀಠದ ತೇದಿಗಳು

ಇನ್ನು ‘ಸೇರಿಸಿಕೊಂಡಿತು’ ಎಂಬ ಮಾತು. ಎಲ್ಲ ಸಂತರ ಹಬ್ಬವನ್ನು ನವೆಂಬರ್ 1ಕ್ಕೆ ಇಟ್ಟದ್ದು ಐರಿಷ್ ಹಬ್ಬವನ್ನು ನುಂಗುವುದಕ್ಕಾಗಿಯೇ ಆಗಿದ್ದರೆ ಆ ತೇದಿ ಮೊದಲು ಐರ್ಲೆಂಡಿನಲ್ಲಿ ಕಾಣಿಸಬೇಕಾಗಿತ್ತು. ಆದರೆ ಸುಮಾರು 800ರ ‘ಫೇಲಿರೆ ಓಯಿಂಗುಸೊ’ ಮತ್ತು ತಾಲ್ಲಖ್ತ್ ಮಠದ ಸಂತಪಂಚಾಂಗಗಳ ಪ್ರಕಾರ ಐರಿಷ್ ಚರ್ಚು ಈ ಹಬ್ಬವನ್ನು ಏಪ್ರಿಲ್ 20ರಂದು ಆಚರಿಸುತ್ತಿತ್ತು. ನವೆಂಬರ್ 1ರ ತೇದಿ ಅದೇ ಹೊತ್ತಿಗೆ ಇಂಗ್ಲೆಂಡ್ ಮತ್ತು ಜರ್ಮನ್ ಭಾಷಿಕ ನಾಡುಗಳಲ್ಲಿ ಕಾಣಿಸುತ್ತದೆ. 835ರಲ್ಲಿ ಪೋಪ್ ನಾಲ್ಕನೆಯ ಗ್ರೆಗರಿಯ ಸಮ್ಮತಿಯೊಂದಿಗೆ ಚಕ್ರವರ್ತಿ ಲೂಯಿ ಅದನ್ನು ಫ್ರಾಂಕ್ ಸಾಮ್ರಾಜ್ಯದಲ್ಲಿ ವಿಧಿಸಿದನು. ಆ ಹಬ್ಬ ಸಂತರದು, ಸಾಮಾನ್ಯ ಮೃತರದಲ್ಲ.

ಸಾಮಾನ್ಯ ಮೃತರಿಗೆ ನವೆಂಬರ್ 2ರ ದಿನವನ್ನು ಕೊಟ್ಟವನು ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓದಿಲೊ. ಅವನು ಮಠಾಧಿಪತ್ಯ ವಹಿಸಿದ್ದು 994ರಿಂದ 1049ರವರೆಗೆ; ಈ ವಿಧಿಯ ವರ್ಷವನ್ನು 998 ಎಂದು ಕೆಲವರೂ 1030ರ ಸುಮಾರು ಎಂದು ಕೆಲವರೂ ಹೇಳುತ್ತಾರೆ. ಇದಕ್ಕೆ ಸಂಬಂಧಿಸಿದ ಐತಿಹ್ಯವನ್ನು ಅವನ ಚರಿತ್ರಕಾರರು ದಾಖಲಿಸಿದ್ದಾರೆ. ಜೆರುಸಲೇಮಿನಿಂದ ಮರಳುತ್ತಿದ್ದ ಯಾತ್ರಿಕನಿಗೆ ಒಬ್ಬ ಏಕಾಂತವಾಸಿ ಭೇಟಿಯಾಗಿ, ಹತ್ತಿರದ ಬೆಂಕಿಯುಗುಳುವ ಸ್ಥಳದಿಂದ ಪಿಶಾಚಿಗಳ ಗೋಳಾಟ ತನಗೆ ಕೇಳಿಸುತ್ತದೆಂದನಂತೆ. ಕ್ಲೂನಿಯ ಸಂನ್ಯಾಸಿಗಳ ಪ್ರಾರ್ಥನೆ, ದಾನಗಳಿಂದ ಯಾತನೆಯಲ್ಲಿರುವ ಆತ್ಮಗಳು ತಮ್ಮ ಕೈತಪ್ಪಿ ಬಿಡುಗಡೆ ಹೊಂದುತ್ತಿವೆಯೆಂಬುದು ಅವುಗಳ ದೂರು. ಇದನ್ನು ಕೇಳಿದ ಓದಿಲೊ ಆ ಪ್ರಾರ್ಥನೆಯನ್ನು ವಾರ್ಷಿಕ ವಿಧಿಯಾಗಿಸಿದನು. ಕೆಲ್ಟಿಕ್ ಗುಡ್ಡವಾಗಲಿ ಪೇಗನ್ ಹಬ್ಬವಾಗಲಿ ಈ ಕಥೆಯಲ್ಲಿಲ್ಲ. ಶರತ್ಕಾಲದ ಮೃತಸ್ಮರಣೆಯ ಅತ್ಯಂತ ಸ್ಪಷ್ಟವಾದ, ತೇದಿ ಸಹಿತವಾದ ಐರೋಪ್ಯ ವಿಧಿ ಹೀಗೆ ಕ್ರೈಸ್ತ ಸಂನ್ಯಾಸಿಗಳ ಮಠದಲ್ಲಿ ಹುಟ್ಟಿತು.

ಸ್ವೀಡನ್: ಮುಚ್ಚಿದ ಬಾಗಿಲು

ಹಾಗಾದರೆ ಪೇಗನ್ ಜನರಲ್ಲಿ ಶರತ್ಕಾಲದ ಮೃತಗೌರವ ಇರಲೇ ಇಲ್ಲವೆನ್ನಬಹುದೆ? ಅದೂ ಅವಸರದ ಮಾತಾದೀತು. ಸ್ಕ್ಯಾಂಡಿನೇವಿಯದಿಂದ ಒಂದು ಅಪೂರ್ವ ಪ್ರತ್ಯಕ್ಷಸಾಕ್ಷ್ಯ ದೊರೆಯುತ್ತದೆ. ನಾರ್ವೆಯ ರಾಜ ಓಲಾಫ್ ಹರಾಲ್ಡ್‌ಸನ್ನನ ಆಸ್ಥಾನಕವಿ ಸಿಗ್ವತ್ ಥೋರ್ದರ್ಸನ್ ಸುಮಾರು 1019ರಲ್ಲಿ ರಾಜಕಾರ್ಯಕ್ಕಾಗಿ ಪೂರ್ವದ ಸ್ವೀಡಿಷ್ ಪ್ರದೇಶಕ್ಕೆ ಪ್ರಯಾಣಿಸಿದನು. ಆ ಪ್ರಯಾಣದ ಪದ್ಯಗಳು 13ನೆಯ ಶತಮಾನದ ‘ಹೈಮ್‌ಸ್ಕ್ರಿಂಗ್ಲ’ದ ಮೂಲಕ ಉಳಿದು ಬಂದಿವೆ. ಶರತ್ಕಾಲದ ಸಂಜೆ ದಣಿದು ಬಂದ ಕವಿಗೆ ಒಂದರ ಹಿಂದೊಂದು ಮನೆಯ ಬಾಗಿಲು ಮುಚ್ಚಿಯೇ ಇರುತ್ತದೆ. ಒಬ್ಬ ಹೆಂಗಸು, ತಾನು ಓದಿನ್ನನ ಕೋಪಕ್ಕೆ ಹೆದರುತ್ತೇನೆಂದೂ ಮನೆಯೊಳಗೆ ‘ಆಲ್ಫ’ರಿಗೆ ಬಲಿ ನಡೆಯುತ್ತಿದೆಯೆಂದೂ ಹೇಳಿ ಅವನನ್ನು ಹೊಸ್ತಿಲಿನಿಂದಲೇ ಓಡಿಸುತ್ತಾಳೆ.

ಆಲ್ಫರೆಂದರೆ ಯಾರು? ಎಲ್ಲ ಸಂದರ್ಭಗಳಲ್ಲಿಯೂ ಅವರು ಮೃತರೆಂದು ಹೇಳಲಾಗದು. ಆದರೆ ಗೈರ್‌ಸ್ತಾದಿರ್ ಎಂಬಲ್ಲಿ ದಿಬ್ಬದೊಳಗೆ ಹೂಳಲ್ಪಟ್ಟ ಓಲಾಫ್ ಎಂಬ ಅರಸನಿಗೆ ಜನರು ಬೆಳೆಯ ಸಮೃದ್ಧಿಗಾಗಿ ಬಲಿಯರ್ಪಿಸಿ ಅವನನ್ನು ‘ಗೈರ್‌ಸ್ತಾದಿರಿನ ಆಲ್ಫ’ ಎಂದು ಕರೆದರೆಂಬ ಐತಿಹ್ಯವಿದೆ. ಸಮಾಧಿದಿಬ್ಬದ ಹಿರಿಯನೂ ಆಲ್ಫನೂ ಒಂದಾಗಬಲ್ಲರೆಂಬುದಕ್ಕೆ ಇದು ಸೂಚನೆ. ಸಿಗ್ವತನು ಕಂಡದ್ದು ಸಭೆಯೂ ಅಲ್ಲ, ಜಾತ್ರೆಯೂ ಅಲ್ಲ. ಹೊರಗಿನವರಿಗೆ ಪ್ರವೇಶವಿಲ್ಲದ ಗೃಹವಿಧಿ. ಮನೆತನಕ್ಕೆ ಸೇರಿದವರಿಗಷ್ಟೇ ಒಳಗೆ ಸ್ಥಳವೆಂದ ಮೇಲೆ ಅದು ಮನೆತನದ ಹಿರಿಯರಿಗೆ ಸಂಬಂಧಿಸಿದ್ದಿರಬಹುದೆಂಬ ತರ್ಕಕ್ಕೆ ಬಲವಿದೆ. ಆದರೂ ನಮ್ಮ ಸಾಕ್ಷಿ ನಿಂತಿರುವುದು ಹೊಸ್ತಿಲಿನ ಹೊರಗೆ. ಅವನು ಕ್ರೈಸ್ತನಾದುದರಿಂದಲೇ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದ್ದರಿಂದಲೇ ಅವನು ಅದನ್ನು ಪದ್ಯವಾಗಿಸಿದನು.

ಲಿಥುವೇನಿಯ: ಎಡೆಯಿಟ್ಟ ಮೇಜು

ಮೃತರಿಗೆ ಅನ್ನವಿಡುವ ವಿಧಿ ನಿಸ್ಸಂದಿಗ್ಧವಾಗಿ ಕಾಣುವುದು ಬಾಲ್ಟಿಕ್ ನಾಡುಗಳಲ್ಲಿ. ಲಿಥುವೇನಿಯ ಅಧಿಕೃತವಾಗಿ ಕ್ರೈಸ್ತವಾದದ್ದು 1387ರಲ್ಲಿ, ಅದರ ಜೆಮೈತಿಯ ಪ್ರದೇಶ 1413ರಲ್ಲಿ. ಆದುದರಿಂದ ಹಳೆಯ ಆಚರಣೆಗೂ ಲಿಖಿತ ದಾಖಲೆಗೂ ನಡುವಣ ಅಂತರ ಇಲ್ಲಿ ಐರ್ಲೆಂಡಿಗಿಂತ ಬಹಳ ಕಡಿಮೆ. ಪ್ರಷ್ಯದ ಲೂಥರನ್ ಪಾದ್ರಿ ಯಾನ್ ಮಲೆತ್ಸ್ಕಿ 1551ರ ಪತ್ರವೊಂದರಲ್ಲಿ ಆ ಸೀಮೆಯ ಉತ್ತರಕ್ರಿಯೆಯ ಔತಣವನ್ನು ಬಣ್ಣಿಸಿದ್ದಾನೆ. ಜನರು ಮೌನವಾಗಿ, ಚಾಕು ಬಳಸದೆ ಉಣ್ಣುತ್ತಾರೆ. ಪ್ರತಿ ಭಕ್ಷ್ಯದ ತುಣುಕೊಂದನ್ನು ಆತ್ಮಕ್ಕೆಂದು ಮೇಜಿನ ಕೆಳಗೆ ಎಸೆಯುತ್ತಾರೆ. ಊಟ ಮುಗಿದ ಮೇಲೆ ಪುರೋಹಿತನು ಪೊರಕೆಯಿಂದ ಗುಡಿಸುತ್ತ, ಉಂಡು ಕುಡಿದಾಯಿತು, ಇನ್ನು ಹೊರಡಿ ಎಂದು ಆತ್ಮಗಳನ್ನು ಬೀಳ್ಕೊಡುತ್ತಾನೆ. ಇದು ಮರಣಾನಂತರದ ನಿಯತ ದಿನಗಳ ವಿಧಿ. ಸುಮಾರು 1580ರಲ್ಲಿ ಯಾನ್ ವಾಸಿತ್ಸ್ಕಿ ಬರೆದು 1615ರಲ್ಲಿ ಅಚ್ಚಾದ ಜೆಮೈತಿಯದ ದೇವತೆಗಳ ಕುರಿತ ಕಿರುಗ್ರಂಥ, ಮೃತರಿಗೆ ಉಣಿಸುವಾಗ ‘ವಿಯೆಲೊನ’ ಎಂಬ ಆತ್ಮಗಳ ದೇವತೆಗೆ ಅರ್ಪಣೆ ಸಲ್ಲುತ್ತಿತ್ತೆಂದು ತಿಳಿಸುತ್ತದೆ. ‘ಸ್ಕೆರ್ಸ್ತುವೆಸ್’ ಎಂಬ ಮಾಂಸಭೋಜನದ ಹಬ್ಬದಲ್ಲಿ ಮೃತರನ್ನೂ ಕರೆದುಕೊಂಡು ಮೇಜಿಗೆ ಬರುವಂತೆ ದೇವತೆಯನ್ನು ಆಹ್ವಾನಿಸುತ್ತಿದ್ದುದನ್ನೂ ಅದು ದಾಖಲಿಸುತ್ತದೆ. ಆ ಹಬ್ಬದ ಹೆಸರೇ ಪಶುವನ್ನು ಕೊಯ್ಯುವುದೆಂಬ ಅರ್ಥದ ಧಾತುವಿನಿಂದ ಬಂದುದು. ಬೀಡನಲ್ಲಿ ಬೇರೆಯಾಗಿಯೇ ಉಳಿದಿದ್ದ ಪಶುವಧೆ ಮತ್ತು ಮೃತಸ್ಮರಣೆ ಇಲ್ಲಿ ಒಂದೇ ಮೇಜಿನ ಮೇಲೆ ಕೂಡಿವೆ.

ಬೆಲಾರುಸ್, ಲಿಥುವೇನಿಯಗಳ ಹಳ್ಳಿಗಳಲ್ಲಿ ಈ ಪರಂಪರೆ ‘ಜ್ಯಾದಿ’, ಅಂದರೆ ಅಜ್ಜಂದಿರು ಎಂಬ ಹೆಸರಿನಿಂದ ಮುಂದುವರಿಯಿತು. ಕವಿ ಆದಮ್ ಮಿತ್ಸ್ಕೆವಿಚ್ 1823ರಲ್ಲಿ ಅದೇ ಹೆಸರಿನ ನಾಟಕದ ಭಾಗಗಳನ್ನು ಪ್ರಕಟಿಸಿದಾಗ, ಪಾದ್ರಿಗಳೂ ಜಮೀನುದಾರರೂ ಈ ಆಚರಣೆಯನ್ನು ಬೇರುಸಹಿತ ಕೀಳಲು ಯತ್ನಿಸಿದುದರಿಂದ ಜನರು ಸ್ಮಶಾನದ ಸಮೀಪದ ಪ್ರಾರ್ಥನಾಮಂದಿರಗಳಲ್ಲಿ, ಪಾಳುಮನೆಗಳಲ್ಲಿ ಗುಟ್ಟಾಗಿ ಎಡೆಯಿಟ್ಟು ಆತ್ಮಗಳನ್ನು ಕರೆಯುತ್ತಾರೆಂದು ಮುನ್ನುಡಿಯಲ್ಲಿ ಬರೆದನು. ಸಿಗ್ವತನ ಕಾಲದಲ್ಲಿ ಪೇಗನ್ ಮನೆಯವರು ಕ್ರೈಸ್ತನನ್ನು ಹೊರಗಿಟ್ಟಿದ್ದರು. ಇಲ್ಲಿ ಕ್ರೈಸ್ತರಾದವರೇ ತಮ್ಮ ಪಾದ್ರಿಗಳನ್ನು ಹೊರಗಿಟ್ಟಿದ್ದಾರೆ.

ಹೆಸರಿಟ್ಟವರು

ಐರ್ಲೆಂಡಿನ ಹಬ್ಬಕ್ಕೆ ಮೃತರ ಹಬ್ಬವೆಂಬ ಖ್ಯಾತಿ ಬಂದ ಬಗೆಯನ್ನು ಈಗ ಗುರುತಿಸಬಹುದು. ಅದರ ಮೊದಲ ಹೆಜ್ಜೆ 16ನೆಯ ಶತಮಾನದ ಧರ್ಮಸುಧಾರಣೆಯದು. ಮೃತರು ಶುದ್ಧೀಕರಣಲೋಕದಲ್ಲಿ ಯಾತನೆಯನುಭವಿಸುತ್ತಾರೆ, ಬದುಕಿರುವವರ ಪ್ರಾರ್ಥನೆಯಿಂದ ಅವರಿಗೆ ಉಪಶಮನವಾಗುತ್ತದೆ ಎಂಬ ತತ್ತ್ವವನ್ನು ಪ್ರೊಟೆಸ್ಟಂಟರು ನಿರಾಕರಿಸಿದರು. 1563ರ ಇಂಗ್ಲಿಷ್ ಚರ್ಚಿನ ಮತಸೂತ್ರಗಳು ಅದನ್ನು ಧರ್ಮಗ್ರಂಥದ ಆಧಾರವಿಲ್ಲದ ಕಲ್ಪನೆಯೆಂದು ತಳ್ಳಿಹಾಕಿದವು. ಕ್ಲೂನಿಯ ಸಂನ್ಯಾಸಿಗಳು ರೂಪಿಸಿದ್ದ ವಿಧಿ ಈಗ ‘ಅನ್ಯಮತದ ಅವಶೇಷ’ವೆನಿಸಿತು. 1680ರ ದಶಕದಲ್ಲಿ ಜಾನ್ ಆಬ್ರಿ, ಷ್ರಾಪ್‌ಷೈರಿನಲ್ಲಿ ಆ ದಿನ ಮೇಜಿನ ಮೇಲೆ ‘ಆತ್ಮದ ರೊಟ್ಟಿ’ಗಳನ್ನು ರಾಶಿಹಾಕಿ ಬಂದವರಿಗೆ ಕೊಡುವ ಪದ್ಧತಿಯನ್ನು ದಾಖಲಿಸಿದಾಗ, ತನ್ನ ಗ್ರಂಥಕ್ಕೆ ಅನ್ಯಮತ ಮತ್ತು ಯಹೂದಿಮತಗಳ ಅವಶೇಷಗಳು ಎಂಬರ್ಥದ ಹೆಸರನ್ನೇ ಇಟ್ಟಿದ್ದನು. ಮಲೆತ್ಸ್ಕಿ, ವಾಸಿತ್ಸ್ಕಿ ಇಬ್ಬರೂ ಪ್ರೊಟೆಸ್ಟಂಟರೆಂಬುದನ್ನು ಇಲ್ಲಿ ನೆನೆಯಬೇಕು. ಮೃತರಿಗೆ ಅನ್ನವಿಡುವುದನ್ನು ಗಮನಿಸುವ ಕಣ್ಣು ಅವರಿಗೆ ಅವರ ಮತಭೇದದಿಂದಲೂ ಬಂದಿತ್ತು.

ಎರಡನೆಯ ಹೆಜ್ಜೆ 19ನೆಯ ಶತಮಾನದ ವಿದ್ವತ್ತಿನದು. ಜಾನ್ ರೀಸ್ 1886ರ ಹಿಬರ್ಟ್ ಉಪನ್ಯಾಸಗಳಲ್ಲಿ ನವೆಂಬರಿನ ಈ ಹಬ್ಬವನ್ನು ಕೆಲ್ಟಿಕ್ ವರ್ಷಾರಂಭವೆಂದು ಪ್ರತಿಪಾದಿಸಿದರು. ಮ್ಯಾನ್ ದ್ವೀಪದ ಹಾಡುಗಾರರು ಆ ರಾತ್ರಿಯನ್ನು ಹೊಸವರ್ಷದ ರಾತ್ರಿಯೆಂದು ಹಾಡುತ್ತಿದ್ದುದು ಅವರಿಗೆ ಬೆಂಬಲವಾಗಿ ಕಂಡಿತು. ಜೇಮ್ಸ್ ಫ್ರೇಜರ್ ತಮ್ಮ ‘ಗೋಲ್ಡನ್ ಬೌ’ ಗ್ರಂಥವನ್ನು ವಿಸ್ತರಿಸುತ್ತ, ನವೆಂಬರ್ 2ರ ಕ್ರೈಸ್ತ ವಿಧಿಯ ಕೆಳಗೆ ಪ್ರಾಚೀನ ಕೆಲ್ಟಿಕ್ ಮೃತರ ಹಬ್ಬವಿದೆಯೆಂದು ವಾದಿಸಿದರು. ಅವರ ತರ್ಕ ಸಾಗಿದ್ದು ಹಿಮ್ಮುಖವಾಗಿ. ಸಮಕಾಲೀನ ಜನಪದದಲ್ಲಿ ಕಂಡ ಮೃತಸ್ಮರಣೆಯನ್ನು ಕ್ರೈಸ್ತಪೂರ್ವದ್ದೆಂದು ಎಣಿಸಿ, ಅದನ್ನು ಐರಿಷ್ ಕಥೆಗಳ ಹಬ್ಬಕ್ಕೆ ಜೋಡಿಸಲಾಯಿತು. 1996ರ ‘ಸ್ಟೇಷನ್ಸ್ ಆಫ್ ದ ಸನ್’ ಕೃತಿಯಲ್ಲಿ ಇತಿಹಾಸಕಾರ ರೊನಾಲ್ಡ್ ಹಟನ್ ಈ ಜೋಡಣೆಯನ್ನು ಬಿಡಿಸಿ, ಮಧ್ಯಯುಗದ ಐರಿಷ್ ಪಠ್ಯಗಳಲ್ಲಿ ಮೃತರ ಹಬ್ಬಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಏಪ್ರಿಲ್ 20ರ ಐರಿಷ್ ಸಂತರ ಹಬ್ಬದ ಮಹತ್ವವನ್ನು ಎತ್ತಿ ಹೇಳಿದವರೂ ಅವರೇ.

ನಡುವಣ ಕಾಲ

ಈ ಎಲ್ಲ ಸಾಕ್ಷ್ಯಗಳನ್ನು ಒಟ್ಟಿಗಿಟ್ಟಾಗ, ಮೃತರಿಗೆ ಸಲ್ಲಿಸುವ ವಿಧಿಗೆಲ್ಲ ಒಂದು ಪೂರ್ವಕಲ್ಪನೆ ಬೇಕೆಂಬುದು ಕಾಣುತ್ತದೆ: ಮೃತನು ನಮ್ಮ ಕೈಗೆಟಕುವ ಎಡೆಯಲ್ಲಿ, ನಮ್ಮ ಕಾಲದೊಡನೆ ಸಂಬಂಧವುಳ್ಳವನಾಗಿ ಕಾದಿರಬೇಕು. ಸ್ಕ್ಯಾಂಡಿನೇವಿಯದಲ್ಲಿ ಅವನು ದಿಬ್ಬದಲ್ಲಿದ್ದಾನೆ, ಲಿಥುವೇನಿಯದಲ್ಲಿ ಮೇಜಿನ ಕೆಳಗಿನ ತುಣುಕಿಗೆ ಬರುತ್ತಾನೆ, ಕ್ಲೂನಿಯಲ್ಲಿ ಯಾತನೆಯ ಬೆಂಕಿಯಲ್ಲಿ ಬಿಡುಗಡೆಗೆ ಕಾಯುತ್ತಾನೆ. ಪ್ರೊಟೆಸ್ಟಂಟರು ಆ ನಡುವಣ ಸ್ಥಳವನ್ನೇ ಅಳಿಸಿದಾಗ ವಿಧಿಯ ತಾತ್ತ್ವಿಕ ಆಧಾರವೂ ಅಳಿಯಿತು.

ಜೈನದರ್ಶನದಲ್ಲಿ ಈ ನಡುವಣ ಕಾಲಕ್ಕೆ ಎಡೆಯೇ ಇಲ್ಲ. ‘ತತ್ತ್ವಾರ್ಥಸೂತ್ರ’ದ ಎರಡನೆಯ ಅಧ್ಯಾಯದ ಪ್ರಕಾರ ದೇಹ ಬಿಟ್ಟ ಜೀವವು ವಿಗ್ರಹಗತಿಯಲ್ಲಿ ಅನಾಹಾರಕವಾಗಿರುವುದು ಒಂದು, ಎರಡು ಅಥವಾ ಹೆಚ್ಚೆಂದರೆ ಮೂರು ಸಮಯ ಮಾತ್ರ. ‘ಸಮಯ’ವೆಂದರೆ ಕಾಲದ ಅವಿಭಾಜ್ಯ ಸೂಕ್ಷ್ಮಾಂಶ. ಪುತ್ರನು ಪಿಂಡವನ್ನು ಕೈಗೆತ್ತಿಕೊಳ್ಳುವ ಮೊದಲೇ ತಂದೆಯ ಜೀವ ಹೊಸ ಗತಿಯನ್ನು ಹೊಕ್ಕಿರುತ್ತದೆ. ಯಶೋಧರನ ಕಥಾಪರಂಪರೆಯಲ್ಲಿ ಈ ತತ್ತ್ವ ದಾರುಣವಾದ ರೂಪಕವಾಗುತ್ತದೆ. 959ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಸೋಮದೇವಸೂರಿ ತನ್ನ ‘ಯಶಸ್ತಿಲಕ’ದಲ್ಲಿಯೂ, 1209ರಲ್ಲಿ ಜನ್ನನು ಕನ್ನಡದಲ್ಲಿಯೂ ಹೇಳಿದ ಕಥೆಯಿದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ಯಶೋಧರನೂ ಅವನ ತಾಯಿಯೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಮಗನು ತಂದೆಯ ಶ್ರಾದ್ಧಕ್ಕೆಂದು ಉಣಿಸುವ ಮಾಂಸ ಆ ತಂದೆಯದೇ ಆಗಿರುತ್ತದೆ.

ಆದರೆ ಇದೇ ಸೋಮದೇವನು ಅದೇ ಗ್ರಂಥದಲ್ಲಿ, ಸಮ್ಯಕ್ತ್ವಕ್ಕೆ ಹಾನಿಯೂ ವ್ರತಕ್ಕೆ ದೋಷವೂ ಬಾರದಿದ್ದರೆ ಲೌಕಿಕ ವಿಧಿಗಳೆಲ್ಲ ಜೈನರಿಗೆ ಪ್ರಮಾಣವೇ ಎಂಬ ಅಭಿಪ್ರಾಯವನ್ನೂ ನೀಡಿದ್ದಾನೆ. 601ರಲ್ಲಿ ಪೋಪ್ ಮಹಾಗ್ರೆಗರಿಯು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿತುಸನಿಗೆ ಬರೆದ ಪತ್ರದ ನಿಲುವು ಇದಕ್ಕೆ ಹತ್ತಿರದ್ದು. ಗುಡಿಗಳನ್ನು ಕೆಡವಬೇಡಿ, ವಿಗ್ರಹಗಳನ್ನಷ್ಟೇ ತೆಗೆಯಿರಿ. ಜನರು ಪಶುಗಳನ್ನು ಕೊಂದು ಔತಣ ನಡೆಸಲಿ, ಆದರೆ ಅದು ದೇವರ ಸ್ತುತಿಗಾಗಲಿ ಎಂಬುದು ಅದರ ಸಾರಾಂಶ. ಬೀಡನ ಚರ್ಚಿನ ಇತಿಹಾಸದಲ್ಲಿ ಅದು ಉಳಿದು ಬಂದಿದೆ. ಹಿಂಸೆಯ ವಿಷಯದಲ್ಲಿ ಇಬ್ಬರ ನಡುವೆ ಸೇತುವೆಯಿಲ್ಲದ ಅಂತರವಿದೆ. ಆದರೂ ಸುತ್ತಣ ಸಮಾಜದ ಆಚರಣೆಯನ್ನು ಇಡಿಯಾಗಿ ತಿರಸ್ಕರಿಸಲಾಗದೆಂಬ ಅರಿವು ಇಬ್ಬರಿಗೂ ಇತ್ತು.

ಶರತ್ಕಾಲದಲ್ಲಿ ಜೈನರಿಗೂ ಒಂದು ಸ್ಮರಣೆಯುಂಟು. ವರ್ಧಮಾನನು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದಾಗ ದೇವತೆಗಳು ದೀಪಗಳನ್ನು ಬೆಳಗಿದರೆಂದೂ, ಅಂದಿನಿಂದ ಜನರು ಪ್ರತಿವರ್ಷ ದೀಪಾಲಿಕೆಯನ್ನು ಆಚರಿಸುತ್ತಾರೆಂದೂ 783ರಲ್ಲಿ ಪೂರ್ಣಗೊಂಡ ಜಿನಸೇನನ ‘ಹರಿವಂಶಪುರಾಣ’ ತಿಳಿಸುತ್ತದೆ. ಮುಕ್ತನಾದವನಿಗೆ ಅನ್ನವೂ ಬೇಡ, ಪ್ರಾರ್ಥನೆಯ ನೆರವೂ ಬೇಡ. ಆ ಬೆಳಕಿನಿಂದ ಪ್ರಯೋಜನ ಬೆಳಗಿದವನಿಗೆ ಮಾತ್ರ. ಇದನ್ನು ಲಿಥುವೇನಿಯದ ಎಡೆಯೊಂದಿಗೋ ಕ್ಲೂನಿಯ ಪ್ರಾರ್ಥನೆಯೊಂದಿಗೋ ಸಮೀಕರಿಸಿದರೆ ಫ್ರೇಜರರ ದಾರಿಯನ್ನೇ ಹಿಡಿದಂತಾದೀತು.

ಸಂಶೋಧಕರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಶುದ್ಧೀಕರಣಲೋಕಕ್ಕೆ ಲ್ಯಾಟಿನ್ನಿನಲ್ಲಿ ಸ್ವತಂತ್ರ ನಾಮಪದ ಬಳಕೆಗೆ ಬಂದದ್ದು 12ನೆಯ ಶತಮಾನದ ಉತ್ತರಾರ್ಧದಲ್ಲಿ ಎಂದು ಫ್ರೆಂಚ್ ಇತಿಹಾಸಕಾರ ಜಾಕ್ ಲ ಗೋಫ್ 1981ರ ಕೃತಿಯಲ್ಲಿ ವಾದಿಸಿದ್ದಾರೆ. ಓದಿಲೊನ ವಿಧಿ ಅದಕ್ಕಿಂತ ಒಂದು ಶತಮಾನಕ್ಕೂ ಹಿಂದಿನದು. ಮೃತರು ಕಾದಿರುವ ಸ್ಥಳಕ್ಕೆ ಹೆಸರಿಡುವ ಮೊದಲೇ ಅವರಿಗಾಗಿ ಪ್ರಾರ್ಥಿಸುವ ದಿನ ನಿಗದಿಯಾಗಿತ್ತು. ಹಾಗೆಯೇ ಇಂಗ್ಲೆಂಡಿನಲ್ಲಿ ತತ್ತ್ವವನ್ನು ತಳ್ಳಿಹಾಕಿ ಮೂರು ಶತಮಾನ ಕಳೆದ ಮೇಲೆಯೂ, 1883ರಲ್ಲಿ ಷಾರ್ಲಟ್ ಬರ್ನ್ ಷ್ರಾಪ್‌ಷೈರಿನ ಜನಪದವನ್ನು ಪ್ರಕಟಿಸುವ ಹೊತ್ತಿಗೆ, ಮಕ್ಕಳು ಮನೆಮನೆಗೆ ಹೋಗಿ ಆತ್ಮದ ರೊಟ್ಟಿಗಾಗಿ ಹಾಡುತ್ತಿದ್ದರು. ತತ್ತ್ವವೂ ವಿಧಿಯೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಅಗಲಿದವರಿಗೆ ಏನನ್ನಾದರೂ ಕೊಡಬೇಕೆಂಬ ತವಕಕ್ಕೆ ಶಾಸ್ತ್ರದ ಅನುಮತಿ ಕೆಲವೊಮ್ಮೆ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಯಶೋಧರನ ಮಗನನ್ನು ಓದುವಾಗಲೂ ಈ ಮಾತು ನೆನಪಿನಲ್ಲಿರುವುದು ಒಳ್ಳೆಯದು. ಕವಿ ಅವನ ಅಜ್ಞಾನವನ್ನು ತೋರಿಸುತ್ತಾನೆ. ತಂದೆಯ ಹೆಸರಿನಲ್ಲಿ ಎಡೆಯಿಡುವ ಅವನ ಶ್ರದ್ಧೆಯೂ ಅದೇ ಪದ್ಯಗಳಲ್ಲಿ ದಾಖಲಾಗಿದೆ. ಶ್ರಾದ್ಧದ ಸಾಮಾಜಿಕ ಇತಿಹಾಸವನ್ನು ಬರೆಯುವವರಿಗೆ ಅದನ್ನು ಖಂಡಿಸಿದ ಜೈನ ಕಾವ್ಯಗಳು ಇಂದಿಗೂ ಸಾಕಷ್ಟು ಬಳಕೆಯಾಗದ ಆಕರಗಳಾಗಿವೆ.